ಏಪ್ರಿಲ್ 30

2006ರ ಮೇ 2, ಮಂಗಳವಾರ. ನಮ್ಮೂರಿನ ಬ್ಯಾಂಕಿನ ಕೌಂಟರಿನಲ್ಲಿ ಕೂತಿದ್ದಾತ ನಾನು ಕೊಟ್ಟ ಚಲನ್ ನೋಡಿ, ಕೆಂಪು ಪೆನ್ನು ತೆಗೆದು, ‘ರಿಯಾಯಿತಿ ಶೇ. 5’ ಎಂದಿದ್ದ ಸಾಲಿನ ಮೇಲೆ ಒಂದು ಗೆರೆ ಎಳೆದ. ಆ ಸಾಲಿನ ಎದುರು ನಾನು 92 ಎಂದು ಬರೆದಿದ್ದೆ. ಗೆರೆ ಅದರ ಮೇಲೂ ಹಾದುಹೋಯಿತು. ಕೆಳಗೆ 1748 ಎಂದಿದ್ದುದನ್ನು ಹೊಡೆದು 1840 ಎಂದು ತಿದ್ದಿ, “ಇಲ್ಲೊಂದು ಸೈನ್ ಹಾಕಿಬಿಡಿ ಸಾರ್” ಎಂದ. ಹಾಕಿದೆ. ಚಲನಿನ ಮೇಲ್ತುದಿಯಲ್ಲಿ, ಮಾಲೀಕರ ಹೆಸರು ಎಂಬಲ್ಲಿ, ನಮ್ಮಪ್ಪನ ಹೆಸರಿತ್ತು. ಅಪ್ಪ ತೀರಿಕೊಂಡು ಎರಡು ತಿಂಗಳು ಕಳೆದಿತ್ತು.

“ಏಪ್ರಿಲ್ ಮೂವತ್ತಕ್ಕೇ ಮುಗೀತಲ್ಲ ಸಾರ್, ನಿನ್ನೆ ಮೊನ್ನೆ ಬಂದಿದ್ರೆ...” ಎಂದು ಶುರು ಮಾಡಿದವನು ಅರ್ಧಕ್ಕೇ ನಿಲ್ಲಿಸಿದ. ನಿನ್ನೆ ಮೇ 1, ಕಾರ್ಮಿಕರ ದಿನ. ಮೊನ್ನೆ ಏಪ್ರಿಲ್ 30, ಭಾನುವಾರ, ಅದೇ ದಿನ ಬಸವ ಜಯಂತಿ. ಎರಡು ದಿನವೂ ಅವನ ಬ್ಯಾಂಕು ಬಾಗಿಲು ತೆರೆದಿರಲಿಲ್ಲ. ಅದಕ್ಕೂ ಹಿಂದಿನ ಶನಿವಾರ ನಾನು ಬಂದಿದ್ದೆ. ಆಗೆಲ್ಲ ಶನಿವಾರ ಹಣ ಕಟ್ಟಿಸಿಕೊಳ್ಳುವುದು ಮಧ್ಯಾಹ್ನ ಹನ್ನೆರಡರವರೆಗೆ ಮಾತ್ರ. ನಾನು ಬಂದಾಗ ಹನ್ನೆರಡೂ ಇಪ್ಪತ್ತು. ಅರ್ಧ ಇಳಿದ ಷಟರಿನ ಕೆಳಗಿಂದ ಒಳಗಿನವರ ಕಾಲುಗಳು ಮಾತ್ರ ಕಾಣುತ್ತಿದ್ದವು.

ಇಪ್ಪತ್ತು ನಿಮಿಷ, ತೊಂಬತ್ತೆರಡು ರೂಪಾಯಿ. ಲೆಕ್ಕ ಹಾಕಿದರೆ ಅಷ್ಟೇ. ಯಾರ ಮನೆಯೂ ಇದರಿಂದ ಮುಳುಗುವುದಿಲ್ಲ. ಆದರೂ ಇಪ್ಪತ್ತು ವರ್ಷ ಕಳೆದ ಮೇಲೂ ಆ ಕೆಂಪು ಗೆರೆ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಯಾಕೆ ಎಂದು ನನಗೆ ನಾನೇ ಕೇಳಿಕೊಳ್ಳುತ್ತ ಬಂದಿದ್ದೇನೆ.

ಬೇರೆ ಊರಿನವರಿಗೆ ಸ್ವಲ್ಪ ವಿವರ ಹೇಳಬೇಕು. ನಮ್ಮ ರಾಜ್ಯದ ಪಟ್ಟಣಗಳಲ್ಲಿ ಮನೆ ತೆರಿಗೆಗೆ ಜನ ಈಗಲೂ ಹೇಳುವುದು ಕಂದಾಯ ಎಂದೇ. ಮೊದಲು ನಗರಸಭೆಯವರೇ ಲೆಕ್ಕ ಹಾಕಿ ನೋಟಿಸು ಕಳಿಸುತ್ತಿದ್ದರು. ಆಮೇಲೆ ಸ್ವಯಂ ಘೋಷಣೆ ಪದ್ಧತಿ ಬಂತು. ಬೆಂಗಳೂರಿಗೆ 2000ದಲ್ಲಿ, ಉಳಿದ ಪಟ್ಟಣಗಳಿಗೆ 2002ರಲ್ಲಿ. ಮನೆಯ ಅಳತೆ, ಕಟ್ಟಿದ ವರ್ಷ, ಗೋಡೆ ಚಾವಣಿ ಎಂಥದ್ದು ಎಂದೆಲ್ಲ ನಾವೇ ಫಾರಂ ತುಂಬಿ, ನಾವೇ ಲೆಕ್ಕ ಹಾಕಿ ಕಟ್ಟಬೇಕು. ಏಪ್ರಿಲ್ ತಿಂಗಳೊಳಗೆ ಇಡೀ ವರ್ಷದ್ದು ಕಟ್ಟಿದವರಿಗೆ ನೂರಕ್ಕೆ ಐದು ರೂಪಾಯಿ ರಿಯಾಯಿತಿ. ಮೇ, ಜೂನ್‌ನಲ್ಲಿ ಕಟ್ಟಿದರೆ ರಿಯಾಯಿತಿಯೂ ಇಲ್ಲ, ದಂಡವೂ ಇಲ್ಲ. ಜುಲೈ ಹುಟ್ಟಿದರೆ ತಿಂಗಳಿಗೆ ಶೇ. 2 ದಂಡ ಶುರು.

ನಮ್ಮಪ್ಪ ಪ್ರೈಮರಿ ಸ್ಕೂಲ್ ಮೇಷ್ಟ್ರು. ಈ ಪದ್ಧತಿ ಅವರಿಗೆ ಬಹಳ ಹಿಡಿಸಿತ್ತು. ಸರ್ಕಾರ ನಮ್ಮ ಮಾತನ್ನು ನಂಬಿ ಲೆಕ್ಕವನ್ನು ನಮ್ಮ ಕೈಗೇ ಕೊಟ್ಟಿದೆ, ಅಂಥ ನಂಬಿಕೆಗೆ ಒಂದಡಿ ಅಳತೆಯೂ ಕಮ್ಮಿ ತೋರಿಸಬಾರದು ಎನ್ನುತ್ತಿದ್ದರು. ಟೇಪು ಹಿಡಿದು ನನ್ನ ಕೈಯಲ್ಲೇ ಹಿತ್ತಲಿನ ಬಚ್ಚಲುಮನೆಯನ್ನೂ ಅಳೆಸಿದ್ದರು. ಏಪ್ರಿಲ್ ಒಂದಕ್ಕೆ ಬ್ಯಾಂಕಿನಲ್ಲಿ ವಹಿವಾಟು ಇರುವುದಿಲ್ಲ. ಹಾಗಾಗಿ ಎರಡೋ ಮೂರೋ ತಾರೀಖು ಬೆಳಿಗ್ಗೆ ಹತ್ತಕ್ಕೆ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹಳೇ ರಸೀದಿಗಳ ಕಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಡುತ್ತಿದ್ದರು. ವಾಪಸು ಬರುವಾಗ ಕೈಯಲ್ಲಿ ರಸೀದಿಯ ಜೊತೆ ಒಂದು ಚೀಲ ಮಾವಿನ ಹಣ್ಣು. ರಿಯಾಯಿತಿಯಲ್ಲಿ ಉಳಿದ ದುಡ್ಡಿಗೆ ಸರಿಯಾಗಿ ತಂದಿರುತ್ತಿದ್ದರು, ಅದಕ್ಕಿಂತ ಹೆಚ್ಚೂ ಇಲ್ಲ, ಕಮ್ಮಿಯೂ ಇಲ್ಲ. ಸೀಸನ್ನಿನ ಮೊದಲ ಹಣ್ಣು, ಬೆಲೆ ಜಾಸ್ತಿ, ಅಮ್ಮ ಗೊಣಗುತ್ತಿದ್ದಳು. “ಇದು ಸರ್ಕಾರ ಕೊಡಿಸಿದ್ದು, ತಿನ್ನು” ಎನ್ನುತ್ತಿದ್ದರು ಅಪ್ಪ. 2002ರಿಂದ 2005ರವರೆಗೆ ನಾಲ್ಕು ವರ್ಷ ನಮ್ಮ ಮನೆಗೆ ಹೊಸ ಮಾವು ಬಂದದ್ದು ಹೀಗೆ.

2006ರ ಶಿವರಾತ್ರಿಯ ಆಸುಪಾಸಿನಲ್ಲಿ ಅವರು ಹೋದರು. ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ. ಹದಿಮೂರು ದಿನದ ಕಾರ್ಯ ಮುಗಿಸಿ ನೆಂಟರೆಲ್ಲ ಹೋದ ಮೇಲೆ ಮನೆ ಬಿಕೋ ಎನ್ನುತ್ತಿತ್ತು. ಯುಗಾದಿ ಬಂತು, ನಮಗೆ ಆ ವರ್ಷ ಹಬ್ಬವಿರಲಿಲ್ಲ. ಏಪ್ರಿಲ್ ಬಂದದ್ದು ನನಗೆ ಗೊತ್ತಾದದ್ದೇ ಅಲ್ಲಿ ಇಲ್ಲಿ ಬಿದ್ದ ಮಾವಿನ ಹೀಚುಗಳಿಂದ.

ಕಂದಾಯದ ನೆನಪು ಬರಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ತಿಂಗಳ ಮಧ್ಯದಲ್ಲಿ ಒಮ್ಮೆ ಬಂತು. ಫಾರಂ ತಂದೂ ಇಟ್ಟೆ. ಮಾಲೀಕರ ಹೆಸರು ಎಂಬ ಚೌಕಕ್ಕೆ ಬಂದು ಪೆನ್ನು ನಿಂತಿತು. ಅಪ್ಪನ ಹೆಸರು ಬರೆಯಬೇಕೆ? ಬರೆದರೆ ಹಿಂದೆ ‘ದಿವಂಗತ’ ಸೇರಿಸಬೇಕೆ? ಆ ಪದವನ್ನು ನನ್ನ ಕೈಬರಹದಲ್ಲಿ ಆವರೆಗೂ ಬರೆದಿರಲಿಲ್ಲ. ಯಾರೋ ಪರಿಚಯದವರು, “ಮೊದಲು ಪೌತಿ ಖಾತೆ ಮಾಡಿಸು, ಆಮೇಲೆ ನಿಮ್ಮಮ್ಮನ ಹೆಸರಲ್ಲೇ ಕಟ್ಟಿದರಾಯಿತು” ಎಂದರು. ಅದು ಅನುಕೂಲದ ಮಾತಾಗಿತ್ತು. ಬರೆಯಲಾರದ್ದನ್ನು ಬರೆಯದೇ ಇರಲು ನನಗೊಂದು ಕಾರಣ ಸಿಕ್ಕಿತು. ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸುವುದಕ್ಕೆ, ಮರಣ ಪತ್ರ ಬೇಕು, ವಂಶವೃಕ್ಷ ಬೇಕು, ಅರ್ಜಿ ಕೊಟ್ಟ ಮೇಲೂ ತಿಂಗಳುಗಟ್ಟಲೆ ಓಡಾಟ. ಇಪ್ಪತ್ತೊಂಬತ್ತನೇ ತಾರೀಖು ಬೆಳಿಗ್ಗೆ ಅಮ್ಮ ಕ್ಯಾಲೆಂಡರ್ ಮುಂದೆ ನಿಂತು, “ಇವತ್ತು ಎಷ್ಟನೇ ತಾರೀಖೋ?” ಎಂದು ಕೇಳಿದಳು. ಅವಳು ಕೇಳಿದ್ದು ಇನ್ಯಾವುದೋ ವಿಷಯಕ್ಕೆ. ನನಗೆ ಎದೆ ಝಲ್ಲೆಂದಿತು. ಹಳೇ ರಸೀದಿ ಹುಡುಕಿ, ಫಾರಂ ತುಂಬಿ, ಸೈಕಲ್ ಹತ್ತುವ ಹೊತ್ತಿಗೆ ಹನ್ನೆರಡು ಹೊಡೆದಿತ್ತು. ಕೊನೆಗೆ ಅಪ್ಪನ ಹೆಸರನ್ನೇ ಬರೆದಿದ್ದೆ, ಹಿಂದೆ ಮುಂದೆ ಏನೂ ಸೇರಿಸದೆ. ಬ್ಯಾಂಕಿನವರು ಅದನ್ನು ಪ್ರಶ್ನಿಸಲೂ ಇಲ್ಲ. ಖಾತೆ ಯಾರ ಹೆಸರಿನಲ್ಲಿದೆಯೋ ಆ ಹೆಸರಿನಲ್ಲೇ ಕಟ್ಟಬಹುದಿತ್ತು, ಏಪ್ರಿಲ್ ಮೂರನೇ ತಾರೀಖಿಗೂ ಕಟ್ಟಬಹುದಿತ್ತು.

ಮೇ 2ರ ಮಧ್ಯಾಹ್ನ ರಸೀದಿ ತಂದು ಅಮ್ಮನ ಕೈಗಿಟ್ಟೆ. ಕೆಂಪು ಗೆರೆ ನೋಡಿ ಏನೆಂದು ಕೇಳಿದಳು. ಹೇಳಿದೆ. ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅಪ್ಪ ಹೋದ ದಿನವೂ ಅವಳು ನಮ್ಮೆದುರು ಹಾಗೆ ಅತ್ತಿರಲಿಲ್ಲ. “ತೊಂಬತ್ತೆರಡು ರೂಪಾಯಿಗೆ ಯಾಕಮ್ಮ ಇಷ್ಟು...” ಎಂದೆ. “ದುಡ್ಡಿಗಲ್ಲ ಕಣೋ” ಎಂದಳು. “ಅವರಿದ್ದಿದ್ರೆ ಇಷ್ಟು ಹೊತ್ತಿಗೆ ಹಣ್ಣು ಬಂದಿರೋದು.”

ಆ ವರ್ಷ ನಮ್ಮ ಮನೆಯಲ್ಲಿ ಮಾವಿನ ಹಣ್ಣು ತಿನ್ನಲಿಲ್ಲ.

ಬಹಳ ವರ್ಷಗಳ ಮೇಲೆ, ಬೇರೆ ಯಾವುದೋ ಕೆಲಸಕ್ಕೆ ವಕೀಲರೊಬ್ಬರ ಬಳಿ ಕೂತಿದ್ದಾಗ ಒಂದು ವಿಷಯ ತಿಳಿಯಿತು. 1897ರ ಜನರಲ್ ಕ್ಲಾಸಸ್ ಕಾಯ್ದೆಯ 10ನೇ ಕಲಂ. ಒಂದು ಕೆಲಸವನ್ನು ಇಂಥ ದಿನದೊಳಗೆ ಕೋರ್ಟಿನಲ್ಲೋ ಕಚೇರಿಯಲ್ಲೋ ಮಾಡಬೇಕೆಂದು ಕಾನೂನು ಹೇಳಿ, ಕೊನೆಯ ದಿನ ಆ ಬಾಗಿಲು ಮುಚ್ಚಿದ್ದರೆ, ಮತ್ತೆ ಬಾಗಿಲು ತೆರೆದ ದಿನ ಮಾಡಿದರೂ ಸಕಾಲಕ್ಕೆ ಮಾಡಿದ ಹಾಗೆಯೇ ಎಂದು ಅದು ಹೇಳುತ್ತದೆ. ಅದು ಕೇಂದ್ರದ ಕಾಯ್ದೆಗಳಿಗೆ ಸಂಬಂಧಿಸಿದ ಮಾತು. ನಮ್ಮೂರ ಕಂದಾಯದ ಮೇಲೆ ವಾದ ಹೂಡಲು ಇದನ್ನು ತೆಗೆಯುತ್ತಿಲ್ಲ. ಆ ಕಲಮಿನ ಹಿಂದಿರುವ ಮನಸ್ಸು ನನಗೆ ದೊಡ್ಡದಾಗಿ ಕಂಡಿತು. ತಲುಪಲಾಗದ ಬಾಗಿಲಿಗೆ ತಲುಪಲಿಲ್ಲ ಎಂದು ಯಾರನ್ನೂ ದೂರಬಾರದು ಎಂಬ ನ್ಯಾಯಬುದ್ಧಿ ಅದು. ಕಾನೂನು ಬರೆದವರು ರಜಾದಿನವನ್ನು ಯೋಚಿಸಿದ್ದಾರೆ, ಮುಚ್ಚಿದ ಕಚೇರಿಯನ್ನು ಯೋಚಿಸಿದ್ದಾರೆ.

ಆದರೆ ಮುಚ್ಚಿದ ಮನೆಯನ್ನು? ಒಬ್ಬರು ಹೋದ ಮನೆಯ ಬಾಗಿಲು ಹೊರಗಿನಿಂದ ತೆರೆದೇ ಇರುತ್ತದೆ, ಬಂದು ಹೋಗುವವರಿಗೆ ಲೆಕ್ಕವಿಲ್ಲ. ಒಳಗೆ ಕಾಲ ನಿಂತಿರುತ್ತದೆ. ಆಸ್ಪತ್ರೆಯ ವಾರ್ಡಿನ ಹೊರಗೆ ಬೆಂಚಿನ ಮೇಲೆ ರಾತ್ರಿ ಕಳೆಯುವವರಿಗೂ ಅಷ್ಟೆ, ಸೋಮವಾರ ಯಾವುದು ಗುರುವಾರ ಯಾವುದು ತಿಳಿಯುವುದಿಲ್ಲ. ಇಂಥವರಿಗೆ ಏಪ್ರಿಲ್ ಮೂವತ್ತು ಎಂಬುದು ಬೇರೆ ಯಾರದೋ ಪಂಚಾಂಗದ ದಿನ. ಗಡುವು ಎಲ್ಲರಿಗೂ ಒಂದೇ ಎನ್ನುತ್ತೇವೆ. ಕಾಗದದ ಮೇಲೆ ಹೌದು. ಅದು ಹೋಗಿ ಮುಟ್ಟುವುದು ಮಾತ್ರ ಎಲ್ಲರನ್ನೂ ಒಂದೇ ಥರ ಅಲ್ಲ. ಇದಕ್ಕೊಂದು ಕಲಂ ಬರೆಯುವುದು ಕಷ್ಟ ಎಂದು ನಾನೂ ಒಪ್ಪುತ್ತೇನೆ. ದುಃಖಕ್ಕೆ ಇಷ್ಟು ದಿನ ಎಂದು ಯಾವ ಕಚೇರಿ ಅಳತೆ ಮಾಡೀತು?

ಹಾಗಾದರೆ ಗಡುವೇ ಬೇಡವೆ? ನಮ್ಮ ನಾಡಿನ ಹಳೇ ಶಾಸನಗಳಲ್ಲಿ ಸರ್ವಮಾನ್ಯ ಎಂಬ ಮಾತು ಬರುತ್ತದೆ. ಇಂಥ ಭೂಮಿಗೆ ತೆರಿಗೆ ಇಲ್ಲ ಎಂದು ಅರಸರು ಬಿಟ್ಟುಕೊಟ್ಟದ್ದು. ಅದರ ಜೊತೆಗೆ ಆಚಂದ್ರಾರ್ಕ ಎಂದಿರುತ್ತದೆ, ಸೂರ್ಯ ಚಂದ್ರರು ಇರುವ ತನಕ. ಅರಸು ಕೊಡುವ ರಿಯಾಯಿತಿಗೆ ಅವಧಿ ಅಷ್ಟು. ಇವತ್ತಿನ ಆಡಳಿತ ಹಾಗೆ ಕೊಡಲಾರದು, ಕೊಡಬಾರದು ಕೂಡ. ಬೀದಿ ದೀಪ, ಕಸ, ಚರಂಡಿ, ಎಲ್ಲಕ್ಕೂ ವರ್ಷದ ಮೊದಲಲ್ಲೇ ದುಡ್ಡು ಬೇಕು. ಬೇಗ ಕೊಟ್ಟವರಿಗೆ ನೂರಕ್ಕೆ ಐದು ಬಿಡುವುದರಲ್ಲಿ ನ್ಯಾಯವಿದೆ. ಅದಕ್ಕೊಂದು ತಾರೀಖೂ ಬೇಕು.

ನನಗೆ ಸಂಕಟವಾಗುವುದು ಆ ತಾರೀಖು ಒಬ್ಬೊಬ್ಬರಿಗೆ ಒಂದೊಂದು ಥರ ಬಗ್ಗುವಾಗ. ಬೆಂಗಳೂರಿನಲ್ಲಿ 2024ರ ಆರಂಭದಲ್ಲಿ ಆಸ್ತಿ ತೆರಿಗೆ ಬಾಕಿದಾರರಿಗೆ ‘ಒಂದು ಬಾರಿ ಪರಿಹಾರ’ ಎಂಬ ಯೋಜನೆ ಬಂತು. ಬಾಕಿಯ ಮೇಲಿನ ಬಡ್ಡಿ ಪೂರ್ತಿ ಮನ್ನಾ, ದಂಡದಲ್ಲಿ ಅರ್ಧ ಮಾಫಿ. ಕೊನೆಯ ದಿನ ಜುಲೈ 31 ಎಂದರು. ಅದು ಸೆಪ್ಟೆಂಬರ್ 30ಕ್ಕೆ ಹೋಯಿತು. ಆಮೇಲೆ ನವೆಂಬರ್ 30ಕ್ಕೆ. ಬಾಕಿ ಉಳಿಸಿಕೊಂಡವರಲ್ಲಿ ಕೆಲಸ ಕಳೆದುಕೊಂಡವರು, ಕಾಯಿಲೆ ಬಿದ್ದವರು, ವಯಸ್ಸಾದವರು ಇರುತ್ತಾರೆ, ಅವರಿಗೆ ಇದು ನಿಜಕ್ಕೂ ಉಸಿರು ಬಿಡುವ ಅವಕಾಶ. ಅದನ್ನು ಕಂಡು ನಾನು ಹೊಟ್ಟೆಕಿಚ್ಚು ಪಡಲಾರೆ. ಆದರೆ ಆ ಯೋಜನೆ ಬರುವುದಕ್ಕೆ ಹದಿನೈದು ದಿನ ಮುಂಚೆ, ಹೆಂಡತಿಯ ಒಡವೆ ಗಿರವಿ ಇಟ್ಟೋ, ಕೈಸಾಲ ಮಾಡಿಯೋ, ಬಡ್ಡಿ ದಂಡ ಸಮೇತ ಎಲ್ಲವನ್ನೂ ಕಟ್ಟಿ ಋಣ ಹರಿದುಕೊಂಡವನೊಬ್ಬ ಇದ್ದರೆ ಅವನ ಮುಖವನ್ನು ನೆನೆಸಿಕೊಳ್ಳಿ. ಪೇಪರು ತೆರೆದು ಆ ಸುದ್ದಿ ಓದುವಾಗ ಅವನಿಗೆ ಏನನ್ನಿಸೀತು? ಇನ್ನು ಹದಿನೈದು ದಿನ ಸುಮ್ಮನಿದ್ದಿದ್ದರೆ ಎಂದೇ ತಾನೆ? ನಿಯತ್ತಿನಿಂದ ನಡೆದದ್ದೇ ತನ್ನ ತಪ್ಪು ಎಂದು ಒಬ್ಬ ಮನುಷ್ಯನಿಗೆ ಅನ್ನಿಸುವ ಹಾಗೆ ಮಾಡುವುದು ಸಣ್ಣ ನಷ್ಟವಲ್ಲ. ಅವನು ಮುಂದಿನ ಸಲ ಕಾಯುತ್ತಾನೆ. ಅವನನ್ನು ನೋಡಿ ಅವನ ಮಗನೂ ಕಾಯುವುದನ್ನು ಕಲಿಯುತ್ತಾನೆ.

ಇದಕ್ಕೆ ದಾರಿ ಇಲ್ಲವೆಂದಲ್ಲ. 2018ರ ಜುಲೈನಲ್ಲಿ ನಮ್ಮ ರಾಜ್ಯ ಸರ್ಕಾರ ಬಜೆಟ್ಟಿನಲ್ಲಿ ರೈತರ ಬೆಳೆಸಾಲ ಮನ್ನಾ ಘೋಷಿಸಿದಾಗ, 2017ರ ಡಿಸೆಂಬರ್ 31ರವರೆಗಿನ ಸುಸ್ತಿ ಸಾಲವನ್ನು ಎರಡು ಲಕ್ಷ ರೂಪಾಯಿಯವರೆಗೆ ಬಿಡುವುದಾಗಿ ಹೇಳಿತು. ಅದೇ ಭಾಷಣದಲ್ಲಿ ಇನ್ನೊಂದು ಮಾತೂ ಇತ್ತು. ಸಕಾಲಕ್ಕೆ ಸಾಲ ತೀರಿಸಿದ ರೈತರಿಗೆ, ತೀರಿಸಿದ ಮೊತ್ತ ಅಥವಾ 25 ಸಾವಿರ, ಯಾವುದು ಕಡಿಮೆಯೋ ಅಷ್ಟನ್ನು ಕೊಡುತ್ತೇವೆ ಎಂದು. ಮೊತ್ತ ಸಾಕೇ ಸಾಲದೇ ಎನ್ನುವುದು ಬೇರೆ ಚರ್ಚೆ. ಕಟ್ಟಿದವನನ್ನೂ ನೆನೆದು ಹೆಸರಿಸಿದ ಆ ಒಂದು ವಾಕ್ಯಕ್ಕೆ ನಾನು ತಲೆಬಾಗುತ್ತೇನೆ. ಮನೆ ಕಂದಾಯಕ್ಕೂ ಇದನ್ನು ಮಾಡಬಹುದು. ಮನ್ನಾ ಘೋಷಿಸುವ ವರ್ಷ ಅದಕ್ಕೂ ಮೊದಲೇ ಬಡ್ಡಿ ಕಟ್ಟಿದವರ ಹಣವನ್ನು ಮುಂದಿನ ವರ್ಷದ ಲೆಕ್ಕಕ್ಕೆ ಜಮಾ ಮಾಡಿದರೆ, ಯಾರೂ ತಮ್ಮ ನಿಯತ್ತಿಗೆ ಪಶ್ಚಾತ್ತಾಪ ಪಡಬೇಕಾಗುವುದಿಲ್ಲ.

ಸರ್ಕಾರದ ಮಾತು ಸಾಕು. ನನ್ನನ್ನು ಇಷ್ಟು ವರ್ಷ ಕಾಡಿದ್ದು ಬೇರೆಯೇ ಒಂದು ಸಂಗತಿ.

ಆ ವರ್ಷ ಆಷಾಢದಲ್ಲಿ ಎದುರುಮನೆ ರಾಯರು ಜಗುಲಿಯಲ್ಲಿ ಕೂತು ಮಾತಾಡುವಾಗ ತಮ್ಮ ಕಂದಾಯದ ವಿಷಯ ಬಂತು. ಅವರು ಏಪ್ರಿಲ್ ಹತ್ತಕ್ಕೇ ಹೋಗಿ ಕಟ್ಟಿ ಬಂದಿದ್ದರು. ನಮ್ಮ ಗೇಟಿನ ಮುಂದೆಯೇ ಹಾದುಹೋಗಿದ್ದರು. ನಾನು ನಮ್ಮದು ತಪ್ಪಿಹೋದ ಕತೆ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, “ನಂಗೆ ಹೊಳೀತು ಕಣಪ್ಪ” ಎಂದರು. “ಮೇಷ್ಟ್ರು ಪ್ರತಿ ವರ್ಷ ನನಗಿಂತ ಮುಂಚೆ ಕಟ್ಟೋರು. ಈ ಸಲ ಇವರು ಕಟ್ಟಿದಾರೋ ಇಲ್ವೋ ಅಂತ ಗೇಟಿನ ಹತ್ತಿರ ನಿಂತೂ ನಿಂತೆ. ಸಾವಿನ ಮನೆಗೆ ಹೋಗಿ ಕಂದಾಯದ ಮಾತಾಡೋದಾ ಅನ್ನಿಸ್ತು. ಹೊರಟುಬಿಟ್ಟೆ.”

ಅವರ ಸಂಕೋಚ ನನಗೆ ಅರ್ಥವಾಗುತ್ತದೆ. ನಾವು ಬೆಳೆದು ಬಂದದ್ದೇ ಹಾಗೆ. ಸೂತಕದ ಮನೆಗೆ ಅಡುಗೆ ಮಾಡಿಸಿ ಕಳಿಸುತ್ತೇವೆ, ರಾತ್ರಿ ಮಲಗಲು ಜನ ಹೋಗುತ್ತೇವೆ, ಹೆಗಲು ಕೊಡುತ್ತೇವೆ. ದುಡ್ಡು ಕಾಸಿನ ಮಾತು ಮಾತ್ರ ಎತ್ತುವುದಿಲ್ಲ, ಎತ್ತಿದರೆ ಹಗುರವಾದೀತು ಎನ್ನುತ್ತೇವೆ. ಒಳ್ಳೆಯ ಮನಸ್ಸಿನಿಂದಲೇ ಹೀಗೆ ಮಾಡುತ್ತೇವೆ. ಆದರೆ ಆ ಮನೆಗೆ ಆಗ ಬೇಕಾಗಿರುವುದು ಎಷ್ಟೋ ಸಲ ಅದೇ ಮಾತು. ಪ್ರತಿ ಮನೆಯಲ್ಲೂ ತಾರೀಖುಗಳನ್ನು ನೆನಪಿಟ್ಟುಕೊಳ್ಳುವವರು ಒಬ್ಬರು ಇರುತ್ತಾರೆ. ಕಂದಾಯ ಯಾವಾಗ, ಎಲ್ಐಸಿ ಕಂತು ಯಾವಾಗ, ಗಾಡಿ ಇನ್ಶೂರೆನ್ಸ್ ಯಾವಾಗ, ನವೆಂಬರಿನಲ್ಲಿ ಪಿಂಚಣಿಗೆ ಜೀವಂತ ಪ್ರಮಾಣಪತ್ರ ಕೊಡಬೇಕು, ಎಲ್ಲ ಅವರ ತಲೆಯಲ್ಲಿ. ಅವರು ಹೋದ ದಿನ ಆ ತಾರೀಖುಗಳೂ ಅವರ ಜೊತೆಗೇ ಹೋಗುತ್ತವೆ. ಉಳಿದವರಿಗೆ ಯಾವುದು ಕಳೆದುಹೋಗಿದೆ ಎಂದು ತಿಳಿಯುವುದೇ ಕೆಂಪು ಗೆರೆ ಬಿದ್ದ ಮೇಲೆ.

ವಿಜಯನಗರದ ಕಾಲದ ಒಬ್ಬ ಮನುಷ್ಯ ನನಗೆ ಆಗಾಗ ನೆನಪಾಗುತ್ತಾನೆ. ಬಾದಾಮಿಯ ಕೊಂಡೋಜ, ಕ್ಷೌರ ವೃತ್ತಿಯವನು. ಹದಿನಾರನೇ ಶತಮಾನದಲ್ಲಿ, ಸದಾಶಿವರಾಯ ಪಟ್ಟದಲ್ಲಿದ್ದಾಗ, ಅಧಿಕಾರವೆಲ್ಲ ಅಳಿಯ ರಾಮರಾಯನ ಕೈಯಲ್ಲಿತ್ತು. ಕೊಂಡೋಜನ ಕೆಲಸಕ್ಕೆ ರಾಮರಾಯ ಮೆಚ್ಚಿದ. ಆ ಮೆಚ್ಚುಗೆಯ ಫಲವಾಗಿ ಕ್ಷೌರ ವೃತ್ತಿಯವರ ಮೇಲಿದ್ದ ತೆರಿಗೆಗಳು ಹೋದವು, ಬಿಟ್ಟಿ ಚಾಕರಿ ಹೋಯಿತು ಎಂದು ಶಾಸನಗಳು ಹೇಳುತ್ತವೆ. ದೊರೆ ಒಲಿದ ಗಳಿಗೆಯಲ್ಲಿ ದೊರೆಯ ಎದುರಿಗಿದ್ದವನು ಕೊಂಡೋಜ. ಒಂದು ತುಂಡು ಹೊಲವನ್ನು ತನ್ನ ಹೆಸರಿಗೆ ಬರೆಸಿಕೊಂಡು ಮನೆಗೆ ಹೋಗಬಹುದಿತ್ತು. ಆದರೆ ದೊರೆಯ ಹತ್ತಿರ ಎಂದೂ ಸುಳಿಯಲಾಗದ, ಹಳ್ಳಿಹಳ್ಳಿಯಲ್ಲಿ ಕತ್ತಿ ಮಸೆಯುತ್ತ ಕೂತಿದ್ದ ತನ್ನವರಿಗೆ ಆ ಗಳಿಗೆಯ ಫಲ ಹೋಗಿ ಮುಟ್ಟಿತು. ಸಮಯ ಒಬ್ಬನಿಗೆ ಕೂಡಿಬಂದಾಗ ಅದನ್ನು ಕೂಡಿಬರದವರ ಮನೆಗೆ ತಲುಪಿಸುವುದು ಎಂದರೆ ಹೀಗೆ.

ರಾಯರು ನಮ್ಮ ಗೇಟಿನ ಬಳಿ ನಿಂತ ಆ ಅರೆಗಳಿಗೆ ಅಂಥದ್ದೇ ಒಂದು ಗಳಿಗೆಯಾಗಿತ್ತು. ಅವರನ್ನು ದೂರುತ್ತಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಹಾಗೇ ಹೊರಟುಹೋಗುತ್ತಿದ್ದೆ, ಆಗ.

ಹೋದ ವರ್ಷ ಏಪ್ರಿಲ್ ಮೊದಲ ವಾರ ನಮ್ಮ ಹಿಂದಿನ ಬೀದಿಯ ಒಂದು ಮನೆಗೆ ಹೋದೆ. ಆ ಮನೆಯ ಯಜಮಾನರು ಜನವರಿಯಲ್ಲಿ ತೀರಿಕೊಂಡಿದ್ದರು. ಮಕ್ಕಳಿಬ್ಬರೂ ದೂರದ ಊರುಗಳಲ್ಲಿ. ಬಾಗಿಲು ತೆಗೆದ ಅವರ ಹೆಂಡತಿಯ ಮುಂದೆ ನನಗೂ ಮೊದಲು ಮಾತು ಹೊರಡಲಿಲ್ಲ. ಕಾಫಿ ಮುಗಿಯುವ ತನಕ ಊರಿನ ಮಾತಾಡಿ, ಆಮೇಲೆ ಕೇಳಿದೆ, “ಅಮ್ಮ, ಮನೆ ಕಂದಾಯ ಕಟ್ಟಿದೀರಾ?” ಅವರು ತುಸು ಹೊತ್ತು ನನ್ನನ್ನೇ ನೋಡಿದರು. ಎದ್ದು ಹೋಗಿ, ಬೀರುವಿನಿಂದ ಒಂದು ಪ್ಲಾಸ್ಟಿಕ್ ಕವರು ತಂದರು. ಹದಿನೈದಿಪ್ಪತ್ತು ವರ್ಷದ ರಸೀದಿಗಳು, ವರ್ಷವಾರು ಜೋಡಿಸಿ, ಮೂಲೆಗೆ ದಾರ ಪೋಣಿಸಿ ಕಟ್ಟಿದ್ದವು. “ಇವರು ಯಾವಾಗ ಹೋಗಿ ಕಟ್ಟಿ ಬರ್ತಿದ್ರು ಅಂತಾನೂ ನಂಗೆ ಗೊತ್ತಿರಲಿಲ್ಲ ಕಣಪ್ಪ” ಎಂದರು. ರಸೀದಿಯ ಮೇಲಿದ್ದ ನಂಬರು ನೋಡಿಕೊಂಡು ಫೋನಿನಲ್ಲೇ ಕಟ್ಟಿದೆವು. ಈಗ ಬ್ಯಾಂಕಿಗೂ ಹೋಗಬೇಕಿಲ್ಲ. ಯಜಮಾನರ ಹೆಸರೇ ಪರದೆಯ ಮೇಲೆ ಬಂತು, ಆ ಹೆಸರಿನಲ್ಲೇ ರಸೀದಿಯೂ ಬಂತು, ರಿಯಾಯಿತಿ ಕಳೆದು. ಅವರು ಆ ಹೆಸರನ್ನು ಎರಡು ಸಲ ಓದಿದರು.

ಬರುವ ಏಪ್ರಿಲ್‌ನಲ್ಲಿ ನಿಮ್ಮ ಕಂದಾಯ ಕಟ್ಟುವ ದಿನ, ಆ ವರ್ಷ ಸಾವು ಕಂಡ ಮನೆಯೊಂದು ನಿಮ್ಮ ಬೀದಿಯಲ್ಲಿದ್ದರೆ, ಗೇಟಿನ ಬಳಿ ನಿಂತು ಹಿಂದಿರುಗಬೇಡಿ. ಒಳಗೆ ಹೋಗಿ, ಕಾಫಿ ಕೊಟ್ಟರೆ ಕುಡಿಯಿರಿ, ಹಳೇ ರಸೀದಿ ಕೇಳಿ. ಪೌತಿ ಖಾತೆ ಆಗುವವರೆಗೆ ಕಾಯಬೇಕಿಲ್ಲ, ಹೋದವರ ಹೆಸರಿನಲ್ಲೇ ಕಟ್ಟಬಹುದು ಎಂದು ಅವರಿಗೆ ಹೇಳಿ.